ದೀಪದ ಬೆಣ್ಣೆ

ಆ ದಿನ ಬೆಳಿಗ್ಗೆ ಶರವ್ ದೀಪ ಹಚ್ಚಲು ಹೋದಾಗ ಬೆಣ್ಣೆ ಇರಲಿಲ್ಲ.

ಬಟ್ಟಲು ಇತ್ತು, ಬತ್ತಿ ಇತ್ತು. ಹಿಂದಿನ ಸಂಜೆ ಅವನೇ ತಂದು ಬುದ್ಧನ ಮುಂದಿಟ್ಟ ಮುಷ್ಟಿಯಷ್ಟು ಬೆಣ್ಣೆ ಮಾತ್ರ ಇರಲಿಲ್ಲ. ಬಟ್ಟಲನ್ನು ಯಾರೋ ತೊಳೆದಿಟ್ಟ ಹಾಗಿತ್ತು.

ಅದು ಉತ್ತರದ ಚಳಿ ನಾಡು. ಎಳ್ಳು ತೆಂಗು ಬೆಳೆಯದ ಕಡೆ ಎಣ್ಣೆ ಎಲ್ಲಿಂದ ಬರಬೇಕು? ಅಲ್ಲಿ ದೀಪ ಉರಿಯುವುದು ಬೆಣ್ಣೆಯಲ್ಲಿ. ಕುರಿ ಕಾಯುವವರು ತಮ್ಮ ಚಹಾಕ್ಕೆ ಹಾಕಿಕೊಳ್ಳುವ ಬೆಣ್ಣೆಯಲ್ಲಿ ಒಂದಿಷ್ಟು ಉಳಿಸಿ ಮಠಕ್ಕೆ ತಂದುಕೊಡುತ್ತಿದ್ದರು.

ಮಠ ಹೊಳೆಯ ದಂಡೆಯಲ್ಲಿತ್ತು. ಹಿಂದೆ ಅಲ್ಲಿ ಊಟಕ್ಕೆ ಎರಡು ಪಂಕ್ತಿ ಹಾಕಬೇಕಾಗುವಷ್ಟು ಜನ ಇದ್ದರಂತೆ. ದೇಶದಲ್ಲಿ ಕಮ್ಯುನಿಸ್ಟರ ಸರ್ಕಾರ ಬಂದ ಮೇಲೆ ಭಿಕ್ಷುಗಳು ಒಬ್ಬೊಬ್ಬರಾಗಿ ಕಾವಿ ಕಳಚಿಟ್ಟು ಮನೆಗೆ ಹೋದರು. ಉಳಿದವರು ಇಬ್ಬರು. ಯೊಂದೊನ್ ಗುರುಗಳು, ಅವರ ಶಿಷ್ಯ ಶರವ್.

ಇಬ್ಬರೇ ಇರುವ ಕಡೆ ಏನಾದರೂ ಕಾಣೆಯಾದರೆ ವಿಚಾರಣೆ ಕಷ್ಟವಲ್ಲ. ಶರವ್ ನೇರವಾಗಿ ಹೊಳೆಗೆ ಹೋದ. ಗುರುಗಳು ಮುಖ ತೊಳೆಯುತ್ತಿದ್ದರು.

"ಗುರುಗಳೇ, ದೀಪದ ಬೆಣ್ಣೆ ಯಾರು ತಿಂದರು?"

"ಇಲಿ ತಿಂದಿತು."

"ನೀವು ನೋಡಿದಿರಾ?"

"ನೋಡಿದೆ. ಧ್ಯಾನಕ್ಕೆ ಕೂತಿದ್ದೆ."

"ನೋಡಿಯೂ ಓಡಿಸಲಿಲ್ಲವೇ?"

"ಅದರ ಮನಸ್ಸು ಬೆಣ್ಣೆ ಬಿಟ್ಟು ಅತ್ತಿತ್ತ ಹೋಗಲೇ ಇಲ್ಲ. ನನ್ನ ಮನಸ್ಸು ಇಲಿಯ ಕಡೆ ಹೋಗಿತ್ತು. ಓಡಿಸುವ ಯೋಗ್ಯತೆ ನನಗೆಲ್ಲಿತ್ತು?"

ಶರವ್‌ಗೆ ನಗು ಬರಲಿಲ್ಲ. ಆ ಬೆಣ್ಣೆ ತಿಂದ ಬಾಯಿಯ ಹಲ್ಲೆಲ್ಲ ಉದುರಿಹೋಗಲಿ ಎಂದು ಶಪಿಸಿದ. ಗುರುಗಳು ಮುಖ ಒರೆಸಿಕೊಂಡರು. ಇನ್ನು ಮೇಲೆ ದಿನಾ ಸಂಜೆ ಬೆಣ್ಣೆ ತಿಂದ ಆ ಜೀವಕ್ಕೆ ಒಳಿತಾಗಲಿ ಎಂದು ಒಂದು ಪ್ರಾರ್ಥನೆ ಮಾಡು ಎಂದರು.

"ಎಷ್ಟು ದಿನ?"

"ಸಿಟ್ಟು ಇಳಿಯುವ ತನಕ."

ಒಂದು ಇಲಿಗೆ ಇಷ್ಟೆಲ್ಲ ಹೆಚ್ಚಾಯಿತು ಎಂದು ಶರವ್ ವಾದಕ್ಕೆ ಇಳಿಯುವವನಿದ್ದ. ಅಷ್ಟರಲ್ಲಿ ಸೇತುವೆಯ ಮೇಲೆ ಲಾರಿಯ ಸದ್ದು ಕೇಳಿಸಿತು.

ಲಾರಿಯಿಂದ ಇಳಿದ ಅಧಿಕಾರಿ ಅವರ ಅಪರಾಧವನ್ನು ಓದಿ ಹೇಳಿದ. ಜನ ತಿನ್ನಬೇಕಾದ ಬೆಣ್ಣೆಯನ್ನು ಅವರು ಕಲ್ಲಿನ ಮುಂದೆ ಸುಟ್ಟು ಹಾಳುಮಾಡಿದ್ದರು. ಸಾಕ್ಷಿಗೆ ಬೆಣ್ಣೆ ಬೇಕೆಂದು ಒಬ್ಬ ಸೈನಿಕನನ್ನು ಒಳಗೆ ಕಳಿಸಿದ. ಸೈನಿಕ ಖಾಲಿ ಬಟ್ಟಲು ಹಿಡಿದುಕೊಂಡು ಬಂದ.

"ಬೆಣ್ಣೆ ಎಲ್ಲಿ?" ಎಂದ ಅಧಿಕಾರಿ.

"ಇಲಿ ತಿಂದಿತು," ಎಂದರು ಗುರುಗಳು.

ಅಧಿಕಾರಿ ಇಂಥ ಮಾತುಗಳನ್ನು ಬಹಳ ಕೇಳಿದವನು. ಜನರ ಬೆಣ್ಣೆಯನ್ನು ಬಚ್ಚಿಟ್ಟ ಅಪರಾಧವನ್ನೂ ಸೇರಿಸಿಕೊಂಡ. ಪಟ್ಟಣದ ನ್ಯಾಯಾಲಯದಲ್ಲಿ ಚಹಾ ಆರುವುದರೊಳಗೆ ತೀರ್ಪಾಯಿತು. ಸುಟ್ಟ ಬೆಣ್ಣೆಗೆ ಇಪ್ಪತ್ತು ವರ್ಷ, ಇಲಿ ತಿಂದ ಬೆಣ್ಣೆಗೆ ಐದು ವರ್ಷ. ಇಬ್ಬರಿಗೂ ಅಷ್ಟೇ.

ಜೈಲಿನ ದಾರಿಯಲ್ಲಿ ಶರವ್ ಅಳುತ್ತಿದ್ದ.

"ನಲವತ್ತು ವರ್ಷ ಓದಿದ ನನಗೂ ಇಪ್ಪತ್ತೈದು," ಎಂದರು ಗುರುಗಳು. "ನಾಲ್ಕು ವರ್ಷ ಓದಿದ ನಿನಗೂ ಇಪ್ಪತ್ತೈದು. ಎಲ್ಲರೂ ಸಮಾನರು ಎಂದು ಇವರು ಹೇಳುತ್ತಿದ್ದುದು ಸುಳ್ಳಲ್ಲ, ಶರವ್."

*

ಜೈಲೆಂದರೆ ಒಂದು ಇಟ್ಟಿಗೆ ಗೂಡು, ಅದರ ಸುತ್ತ ಮುಳ್ಳುತಂತಿ. ಕೈದಿಗಳು ಮಣ್ಣು ತುಳಿದು ಇಟ್ಟಿಗೆ ಅಚ್ಚು ಹಾಕಬೇಕು, ಸುಟ್ಟ ಇಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು ಲಾರಿಗೆ ತುಂಬಬೇಕು.

ಮೊದಲ ದಿನವೇ ಇಬ್ಬರ ಕಾವಿ, ಜಪಮಾಲೆ, ಗಂಟೆ, ಪುಸ್ತಕ ಎಲ್ಲವನ್ನೂ ಕಿತ್ತುಕೊಂಡರು. ತಲೆ ಬೋಳಿಸಲು ಕತ್ತಿ ಹಿಡಿದು ಬಂದವನು ಇವರ ತಲೆ ನೋಡಿ ಸುಮ್ಮನೆ ವಾಪಸಾದ.

"ನಮ್ಮ ಧರ್ಮದಲ್ಲಿ ಇನ್ನೇನು ಉಳಿಯಿತು, ಗುರುಗಳೇ?" ಎಂದು ಶರವ್ ಕೇಳಿದ.

ಗುರುಗಳು ಐದು ಬೆರಳು ಬಿಡಿಸಿದರು. ಭಿಕ್ಷುವಿಗೆ ಮುಖ್ಯವಾದ ವ್ರತಗಳು ಐದು.

ಕದಿಯಬಾರದು. ಇಲ್ಲಿ ಕದಿಯಲು ಏನೂ ಇಲ್ಲ ಎಂದು ಒಂದು ಬೆರಳು ಮಡಿಸಿದರು. ಕುಡಿಯಬಾರದು. ಇಲ್ಲಿ ನೀರಿಗೇ ಪಾಳಿ. ಹೆಣ್ಣನ್ನು ಬಯಸಬಾರದು. ಗುರುಗಳು ಬಾಗಿಲಲ್ಲಿದ್ದ ಮೀಸೆಯ ಕಾವಲುಗಾರನನ್ನು ಒಮ್ಮೆ ನೋಡಿ ಮೂರನೆಯ ಬೆರಳೂ ಮಡಿಸಿದರು. ಕೊಲ್ಲಬಾರದು. ಹೇನುಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು ಎಂದರು.

"ನಾಲ್ಕು ವ್ರತಗಳನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ನಮಗೆ ಉಳಿದದ್ದು ಒಂದು. ಸುಳ್ಳು ಹೇಳಬಾರದು."

"ಅದು ಸುಲಭವಲ್ಲವೇ?"

"ಮಠದಲ್ಲಿ ಸುಲಭವಿತ್ತು. ಅಲ್ಲಿ ನಮ್ಮನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇಲ್ಲಿ ದಿನಾ ಕೇಳುತ್ತಾರೆ."

ಅದು ಹಾಗೆಯೇ ಆಯಿತು. ಸಂಜೆ ಲೆಕ್ಕ ತೆಗೆದುಕೊಳ್ಳುವಾಗ ಕಾವಲುಗಾರ, ಇವತ್ತು ಮೈಗಳ್ಳತನ ಮಾಡಿದವರು ಯಾರು ಎಂದು ಕೇಳುತ್ತಿದ್ದ. ಗುರುಗಳು ಎದ್ದು ನಿಂತು, ನಾನು, ಮಧ್ಯಾಹ್ನ ಗೂಡಿನ ಮೇಲೆ ಒಂದು ಗುಬ್ಬಿ ಕೂತಿತ್ತು, ಅದನ್ನು ನೋಡುತ್ತ ನಿಂತುಬಿಟ್ಟೆ ಎನ್ನುತ್ತಿದ್ದರು. ಅವರ ರೊಟ್ಟಿಯಲ್ಲಿ ಅರ್ಧ ಕಡಿತವಾಗುತ್ತಿತ್ತು. ಮರುದಿನ ಮತ್ತೆ ಎದ್ದು ನಿಲ್ಲುತ್ತಿದ್ದರು. ಕೊನೆಗೆ ಕಾವಲುಗಾರನೇ ಬೇಸತ್ತು, ಮುದುಕ, ನಿನ್ನನ್ನು ಕೇಳಲಿಲ್ಲ, ಕೂತುಕೋ ಎನ್ನತೊಡಗಿದ.

ಎರಡು ಮೂರು ವರ್ಷ ಕಳೆಯುವುದರಲ್ಲಿ ಒಂದು ವಿಚಿತ್ರ ನಡೆಯಿತು. ಕೈದಿಗಳಲ್ಲಿ ಚಮಚಕ್ಕೋ ಕಂಬಳಿಗೋ ಜಗಳವಾದರೆ ಗುರುಗಳ ಹತ್ತಿರ ಬರತೊಡಗಿದರು. ಆಮೇಲೆ ಕಾವಲುಗಾರರೂ ಬಂದರು. ಇಸ್ಪೀಟಿನಲ್ಲಿ ಮೋಸ ಮಾಡಿದ್ದು ಯಾರು ಎಂದು ಅವರಲ್ಲಿ ಹೊಡೆದಾಟವಾದಾಗ, ಕಿಟಕಿಯ ಹೊರಗೆ ಇಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದ ಗುರುಗಳನ್ನು ಒಳಗೆ ಕರೆದು ಕೇಳಿದರು. ಮುದುಕ ಹೇಳಿದ ಮೇಲೆ ಮುಗಿಯಿತು ಎನ್ನುವುದು ಆ ಜೈಲಿನಲ್ಲಿ ಮಾತಾಯಿತು.

ಶರವ್‌ಗೆ ಇದರಿಂದ ಹೆಮ್ಮೆ. ಗುರುಗಳಿಗೆ ಇದರಿಂದ ರೊಟ್ಟಿಯೇನೂ ಹೆಚ್ಚು ಸಿಗಲಿಲ್ಲ.

ದೀಪವಿಲ್ಲವಲ್ಲ ಎಂಬ ಕೊರಗು ಶರವ್‌ಗೆ ಹೋಗಿರಲಿಲ್ಲ. ಒಂದು ದಿನ ಅದನ್ನೇ ಹೇಳಿಕೊಂಡ. ಗುರುಗಳು ತಮ್ಮ ಸಾರಿನ ತಟ್ಟೆಯನ್ನು ಅವನ ಮುಂದೆ ಹಿಡಿದರು. ತೆಳ್ಳನೆಯ ಸಾರಿನ ಮೇಲೆ ಜಿಡ್ಡಿನ ಒಂದೇ ಒಂದು ಚುಕ್ಕೆ ತೇಲುತ್ತಿತ್ತು. ಕಿಟಕಿಯ ಬಿಸಿಲು ಬಿದ್ದು ಅದು ಹಳದಿಯಾಗಿ ಹೊಳೆಯಿತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದರು.

ಆಮೇಲೆ ಗುರುಗಳು ತಟ್ಟೆಯೆತ್ತಿ ಕುಡಿದುಬಿಟ್ಟರು.

"ದೀಪ ಕುಡಿದಿರಾ, ಗುರುಗಳೇ?"

"ಇಲಿ ಬರುವ ಮೊದಲು," ಎಂದರು.

ಶರವ್ ಅಂದು ಸಂಜೆಯೂ ಇಲಿಗೆ ಪ್ರಾರ್ಥನೆ ಮಾಡಿದ. ತುಟಿ ಅಲುಗಿದರೆ ಕಾವಲುಗಾರರು ಹೊಡೆಯುತ್ತಿದ್ದರು. ಹಾಗಾಗಿ ಬೆನ್ನ ಮೇಲೆ ಇಟ್ಟಿಗೆ ಹೊತ್ತು ನಡೆಯುವಾಗ ಮನಸ್ಸಿನಲ್ಲೇ ಮುಗಿಸುತ್ತಿದ್ದ. ಇಲಿ ಚೆನ್ನಾಗಿರಲಿ. ಇಲಿಯ ಮಕ್ಕಳು ಚೆನ್ನಾಗಿರಲಿ. ಐದು ವರ್ಷದ ಶಿಕ್ಷೆ ತಂದ ಸಿಟ್ಟು, ಬೇಗ ಇಳಿಯುವಂಥದ್ದಲ್ಲ.

*

ವಾರಕ್ಕೊಂದು ದಿನ ಊಟದ ಕೋಣೆಯಲ್ಲಿ ಸಭೆ. ಕಾಮ್ರೇಡ್ ಓಚಿರ್ ಎಂಬವನು ಕೈದಿಗಳ ತಲೆ ತಿದ್ದಲು ನೇಮಕವಾಗಿದ್ದ. ಒಳ್ಳೆಯ ಮನುಷ್ಯ. ಕನ್ನಡಕ ಬಿಗಿಯಾಗಿ, ಕಿವಿಯ ಹಿಂದೆ ಸದಾ ಕೆಂಪಗಿರುತ್ತಿತ್ತು.

ಓಚಿರ್ ಪ್ರತಿ ವಾರ ದೇವರಿಲ್ಲ ಎಂದು ಸಾಧಿಸುತ್ತಿದ್ದ. ಒಂದು ವಾರ ಅವನು ಗುರುಗಳನ್ನು ಎಬ್ಬಿಸಿ ನಿಲ್ಲಿಸಿದ. ಈ ಮುದುಕ ನಲವತ್ತು ವರ್ಷ ಜನರಿಗೆ ದೇವರ ಹೆಸರಿನಲ್ಲಿ ಮೋಸ ಮಾಡಿದ್ದಾನೆ ಎಂದು ಎಲ್ಲರಿಗೂ ತೋರಿಸಿ, ಈ ಜಗತ್ತನ್ನು ಮಾಡಿದ ದೇವರು ಇದ್ದಾನೋ ಇಲ್ಲವೋ ಹೇಳು ಎಂದ.

"ಇಲ್ಲ," ಎಂದರು ಗುರುಗಳು.

ಓಚಿರ್ ಮುಂದಿನ ಮಾತು ಸಿದ್ಧಮಾಡಿಕೊಂಡು ಬಂದಿದ್ದ. ಅದಕ್ಕೆ ಈ ಉತ್ತರ ಹೊಂದಲಿಲ್ಲ.

"ಇಲ್ಲ ಎಂದರೆ?"

"ಅಂಥ ದೇವರಿದ್ದಾನೆಂದು ನಮ್ಮ ಮಠದಲ್ಲಿ ಯಾರೂ ಹೇಳಿಕೊಡುವುದಿಲ್ಲ, ಕಾಮ್ರೇಡ್. ಆದರೆ ಹೋದ ವಾರ ನೀವು ಕೊಟ್ಟ ಕಾರಣ ಗಟ್ಟಿಯಾಗಿರಲಿಲ್ಲ. ಅಪ್ಪಣೆಯಾದರೆ ಇನ್ನೊಂದು ಕೊಡುತ್ತೇನೆ."

ಆ ದೇಶದ ಮಠಗಳಲ್ಲಿ ವಾದ ಮಾಡುವುದಕ್ಕೆ ಒಂದು ಕ್ರಮವಿದೆ. ಮಾತು ಹೇಳಿ ಮುಗಿಸುವಾಗ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆಯಬೇಕು. ಎಲ್ಲವನ್ನೂ ಮಾಡಲು ಒಬ್ಬ ಬೇಕೆಂದರೆ ಅವನನ್ನು ಮಾಡಲು ಇನ್ನೊಬ್ಬ ಬೇಕು. ಮಾಡುವವರಿಲ್ಲದೆ ಅವನು ಇರಬಹುದಾದರೆ ಈ ಇಟ್ಟಿಗೆ ಮಣ್ಣೂ ಹಾಗೆಯೇ ಇರಬಹುದಲ್ಲ ಎಂದು ಹೇಳಿ ಗುರುಗಳು ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆದರು. ಬಾಗಿಲಲ್ಲಿದ್ದ ಕಾವಲುಗಾರರು ಬೆಚ್ಚಿಬಿದ್ದು ಬಂದೂಕು ಎತ್ತಿದರು.

ಓಚಿರ್ ಅವರನ್ನು ಕೈ ಸನ್ನೆಯಿಂದ ತಡೆದ.

"ಇನ್ನೊಂದು ಸಲ ಹೇಳು. ನಿಧಾನವಾಗಿ," ಎಂದ.

ಮುಂದಿನ ವಾರದ ಭಾಷಣದಲ್ಲಿ ಅದು ಅವನದೇ ಮಾತಾಗಿ ಬಂತು. ಕಾಲು ಅಪ್ಪಳಿಸಲಿಲ್ಲ, ಆದರೆ ಮೇಜು ಕುಟ್ಟಿದ.

ಸಭೆಯಲ್ಲಿ ಶರವ್‌ನ ಪಕ್ಕ ದಮ್ದಿನ್ ಕೂರುತ್ತಿದ್ದ. ಅವನು ಹಿಂದೆ ಪಕ್ಷದಲ್ಲೇ ದೊಡ್ಡ ಕೆಲಸದಲ್ಲಿದ್ದವನು. ಮೇಲಿನವರೊಬ್ಬರು ಹಾಸ್ಯ ಹೇಳಿದಾಗ ತಡವಾಗಿ ನಕ್ಕ ಎಂದು ಒಳಗೆ ಹಾಕಿದ್ದರು. ಓಚಿರ್ ಓದುವ ಭಾಷಣಗಳಲ್ಲಿ ಹಲವನ್ನು ಬರೆದವನು ಅವನೇ.

"ತಮ್ಮಾ, ನಿನ್ನ ಗುರು ನನ್ನ ಭಾಷಣಕ್ಕೆ ತಲೆಬುಡ ಕೊಟ್ಟುಬಿಟ್ಟ," ಎಂದು ದಮ್ದಿನ್ ಪಿಸುಗುಟ್ಟಿದ. "ಹೊರಗೆ ಸಿಕ್ಕಿದ್ದರೆ ಕಚೇರಿಯಲ್ಲೇ ಇಟ್ಟುಕೊಳ್ಳುತ್ತಿದ್ದೆ."

*

ಹನ್ನೊಂದನೆಯ ಚಳಿಗಾಲ ಮುಗಿಯುವ ಹೊತ್ತಿಗೆ ಶರವ್ ಕೆಮ್ಮತೊಡಗಿದ.

ಮೊದಲು ಗೂಡಿನ ದೂಳು ಎಂದುಕೊಂಡರು. ಬೇಸಿಗೆಯಲ್ಲೂ ನಿಲ್ಲಲಿಲ್ಲ. ಉಗುಳಿನಲ್ಲಿ ರಕ್ತ ಕಂಡಿತು. ಜೈಲಿನ ವೈದ್ಯ ಬೆನ್ನಿಗೆ ಕಿವಿಯಿಟ್ಟು ಕೇಳಿ, ಇವನು ಇನ್ನೊಂದು ಚಳಿಗಾಲ ಇಲ್ಲಿದ್ದರೆ ವಸಂತ ಕಾಣುವುದಿಲ್ಲ ಎಂದು ಗುರುಗಳಿಗೆ ಹೇಳಿದ. ಶರವ್ ಅದನ್ನು ಕೇಳಿಸಿಕೊಂಡ.

ಅದೇ ಸಮಯಕ್ಕೆ ರಾಜಧಾನಿಯಿಂದ ಒಂದು ಆದೇಶ ಬಂತು. ಮಠಗಳಿಂದ ಬಂದ ಕೈದಿ ಯಾರೇ ಆಗಲಿ, ಸಭೆಯಲ್ಲಿ ಎದ್ದು ನಿಂತು ಒಂದು ಮಾತು ಹೇಳಿದರೆ ಅವನು ತಿದ್ದಿಕೊಂಡಂತೆ. ಅವನನ್ನು ಬಿಟ್ಟುಬಿಡಬಹುದು. ಮಾತು ಯಾವುದೆಂದು ರಾಜಧಾನಿಯಲ್ಲೇ ನಿಶ್ಚಯವಾಗಿತ್ತು. ನನ್ನ ಗುರು ನನಗೆ ಸುಳ್ಳು ಹೇಳಿದ್ದಾನೆ. ಒಂದು ಪದ ಸೇರಿಸುವಂತಿಲ್ಲ, ಬಿಡುವಂತಿಲ್ಲ.

ಓಚಿರ್ ಶರವ್‌ನನ್ನು ಪಕ್ಕಕ್ಕೆ ಕರೆದು ಹೇಳಿದ. ಹಿಮ ಬೀಳುವ ಮೊದಲು ಕೊನೆಯ ಲಾರಿ ಹೋಗುತ್ತದೆ. ಅದರಲ್ಲಿ ನೀನಿರಬೇಕು ಎಂದು ನನಗೂ ಆಸೆಯಿದೆ ಎಂದ. ಅವನು ಇಷ್ಟು ವರ್ಷದಲ್ಲಿ ಒಬ್ಬ ಭಿಕ್ಷುವನ್ನೂ ತಿದ್ದಿರಲಿಲ್ಲ. ಮೇಲಿನವರು ಕೇಳುತ್ತಿದ್ದರು.

ಶರವ್ ಆಗುವುದಿಲ್ಲ ಎಂದ.

ದಮ್ದಿನ್‌ಗೆ ಇದು ಅರ್ಥವಾಗಲಿಲ್ಲ. ಬಾಯಿಂದ ಹೋಗುವ ಗಾಳಿ, ತಮ್ಮಾ, ಹೇಳಿ ಹೊರಗೆ ಹೋಗು, ನಾನು ಜೀವನವಿಡೀ ಅದನ್ನೇ ಮಾಡಿದ್ದೇನೆ ಎಂದ.

"ಮಾಡಿ ಎಲ್ಲಿಗೆ ಬಂದಿರಿ, ಅಣ್ಣಾ?" ಎಂದ ಶರವ್.



ಗುರುಗಳು ಗೋಡೆಗೆ ಒರಗಿ ಕೂತು ಹೇನು ಹೆಕ್ಕಿ ಹುಲ್ಲಿನ ಮೇಲೆ ಬಿಡುತ್ತಿದ್ದರು. ಆ ಮಾತು ನಿಜವಾದರೆ ಹೇಳಬಹುದಲ್ಲ ಎಂದರು.

"ನಿಜವಲ್ಲವಲ್ಲ. ನೀವು ನನಗೆ ಎಂದೂ ಸುಳ್ಳು ಹೇಳಿಲ್ಲ."

"ಯೋಚನೆ ಮಾಡು."

ಆಗ ದಮ್ದಿನ್‌ಗೆ ಹುರುಪು ಬಂತು. ಕಚೇರಿಯಲ್ಲಿ ಜನರ ಹಳೆಯ ತಪ್ಪು ಹುಡುಕುವುದೇ ಅವನ ಕೆಲಸವಾಗಿತ್ತು. ನಿನ್ನ ಓದು ಚೆನ್ನಾಗಿದೆ ಎಂದು ಎಂದಾದರೂ ಹೊಗಳಿದ್ದಾರೋ ಎಂದು ಶರವ್‌ನನ್ನು ಕೇಳಿದ. ಇಲ್ಲ, ಕೆಟ್ಟದಾಗಿದೆ ಎಂದೇ ಹೇಳುತ್ತಿದ್ದರು. ಅಡುಗೆ? ಉಪ್ಪು ಹೆಚ್ಚು ಎನ್ನುತ್ತಿದ್ದರು, ಉಪ್ಪು ಹೆಚ್ಚೇ ಇರುತ್ತಿತ್ತು. ನಿನಗೆ ಜ್ಞಾನ ಬರುತ್ತದೆ ಎಂದಾದರೂ ಹೇಳಿರಬೇಕಲ್ಲ? ಬರಬಹುದು ಎಂದಿದ್ದರು.

ದಮ್ದಿನ್ ಸೋತುಹೋದ. ಇಂಥ ಮನುಷ್ಯನ ಮೇಲೆ ಒಂದು ಮೊಕದ್ದಮೆಯನ್ನೂ ಹೂಡಲಾಗುವುದಿಲ್ಲ ಎಂದ.

ಗುರುಗಳು ಇನ್ನೊಂದು ಹೇನನ್ನು ಹುಲ್ಲಿನ ಮೇಲೆ ಬಿಟ್ಟರು.

"ಇದು ನನ್ನದೇ ತಪ್ಪು," ಎಂದರು ಕೊನೆಗೆ. "ಮನೆ ಕಟ್ಟುವವನು ಹಿಂಬಾಗಿಲು ಇಡಬೇಕಾಗಿತ್ತು."

*

ಮರುದಿನ ಮಧ್ಯಾಹ್ನ ಇಬ್ಬರೂ ಇಟ್ಟಿಗೆ ಹೊರುತ್ತಿದ್ದರು. ಶರವ್ ಮುಂದೆ, ಗುರುಗಳು ಹಿಂದೆ. ಗಾಳಿ ಆಗಲೇ ಹಿಮದ ವಾಸನೆ ತರುತ್ತಿತ್ತು. ಶರವ್ ಮೂರು ಸಲ ನಿಂತು ಕೆಮ್ಮಿದ.

"ಶರವ್."

"ಗುರುಗಳೇ."

"ಆ ಬೆಣ್ಣೆ ತಿಂದದ್ದು ನಾನು."

ಶರವ್‌ಗೆ ಮೊದಲು ತಿಳಿಯಲಿಲ್ಲ. ಯಾವ ಬೆಣ್ಣೆ ಎಂದು ಕೇಳಿದ. ಲಾರಿ ಬಂದ ದಿನದ್ದು ಎಂದರು. ಆ ದಿನ ನಸುಕಿನಲ್ಲಿ ಹೊಟ್ಟೆ ಬಹಳ ಹಸಿದಿತ್ತು, ಇಲಿಯ ಮೇಲೆ ಹಾಕಿಬಿಟ್ಟೆ ಎಂದರು.

ಶರವ್ ಇಟ್ಟಿಗೆಯನ್ನು ಕೆಳಗಿಟ್ಟ.

"ನಾನು ಹನ್ನೊಂದು ವರ್ಷದಿಂದ ಆ ಇಲಿಗೆ ಪ್ರಾರ್ಥನೆ ಮಾಡಿದ್ದೇನೆ."

"ಗೊತ್ತು."

"ಅದರ ಮಕ್ಕಳಿಗೂ ಮಾಡಿದ್ದೇನೆ."

"ವ್ಯರ್ಥವಾಗಿರುವುದಿಲ್ಲ. ಬೇರೆ ಯಾವುದಾದರೂ ಇಲಿಗೆ ಸಿಕ್ಕಿರುತ್ತದೆ."

ತನ್ನನ್ನು ಹಿಡಿದಾಗ ಬಾರದ ಸಿಟ್ಟು, ಕಾವಿ ಕಿತ್ತುಕೊಂಡಾಗ ಬಾರದ ಸಿಟ್ಟು ಶರವ್‌ಗೆ ಆಗ ಬಂತು. ಅದು ಊರಿನವರು ಹೊಟ್ಟೆ ಕಟ್ಟಿ ಕೊಟ್ಟ ದೀಪದ ಬೆಣ್ಣೆ. ಅದಕ್ಕಾಗಿ ಐದು ವರ್ಷ ಹೆಚ್ಚು ಶಿಕ್ಷೆ ಆದದ್ದು ತನಗೂ ಕೂಡ. ಎಲ್ಲಕ್ಕಿಂತ ಹೆಚ್ಚಾಗಿ, ಇವರು ಸುಳ್ಳು ಹೇಳುವುದಿಲ್ಲ ಎಂಬ ಒಂದೇ ನೆಲದ ಮೇಲೆ ಅವನು ಇಷ್ಟು ಚಳಿಗಾಲ ನಿಂತಿದ್ದ.

ಅವನು ಇಟ್ಟಿಗೆ ಎತ್ತಿಕೊಂಡು ದಾಪುಗಾಲು ಹಾಕಿ ನಡೆದ. ಆ ಮಧ್ಯಾಹ್ನ ಅವನಿಗೆ ಕೆಮ್ಮು ಬರಲಿಲ್ಲ.

ವಾರದ ಸಭೆಯಲ್ಲಿ ಓಚಿರ್ ಕೇಳುವ ಮೊದಲೇ ಎದ್ದು ನಿಂತ.

"ನನ್ನ ಗುರು ನನಗೆ ಸುಳ್ಳು ಹೇಳಿದ್ದಾನೆ."

ಅವನ ದನಿಯಲ್ಲಿದ್ದ ಸಂಕಟ ಕೇಳಿ ಓಚಿರ್ ಕನ್ನಡಕ ತೆಗೆದಿಟ್ಟ. ಹೇಳಿಕೊಟ್ಟ ಮಾತನ್ನು ಯಾರೂ ಹೀಗೆ ಹೇಳುವುದಿಲ್ಲ. ಏನು ಸುಳ್ಳು ಎಂದು ಮೆಲ್ಲಗೆ ಕೇಳಿದ. ಆತ್ಮ, ಪುನರ್ಜನ್ಮ, ನರಕ ಎಂದೇನೋ ಬರುತ್ತದೆ ಎಂದುಕೊಂಡು ಮುಂದೆ ಬಾಗಿದ.

"ಬೆಣ್ಣೆಯನ್ನು ಇಲಿ ತಿಂದಿತು ಎಂದರು. ತಿಂದವರು ಅವರೇ."

ಹಿಂದಿನ ಸಾಲಿನಿಂದ ನಗು ಶುರುವಾಯಿತು. ಕಾವಲುಗಾರರೂ ನಕ್ಕರು. ಮೀಸೆಯವನು ಗೋಡೆ ಹಿಡಿದುಕೊಂಡ. ದಮ್ದಿನ್ ಈ ಸಲ ತಡಮಾಡದೆ ಎಲ್ಲರಿಗಿಂತ ಮೊದಲು ನಕ್ಕಿದ್ದ.

ಓಚಿರ್ ಮೇಜು ಕುಟ್ಟಿ ಸುಮ್ಮನಾಗಿಸಿದ. ಗುರುಗಳ ಕಡೆ ತಿರುಗಿದ.

"ಮುದುಕ, ನೀನು ಇವನಿಗೆ ಸುಳ್ಳು ಹೇಳಿದ್ದು ನಿಜವೇ?"

ಗುರುಗಳು ಎದ್ದು ನಿಂತರು.

"ಹೇಳಿದ್ದೇನೆ," ಎಂದರು. "ಒಂದು."

ಅಷ್ಟು ಸಾಕಾಯಿತು. ಹೇಳಬೇಕಾದ ಮಾತು ಪದ ತಪ್ಪದೆ ಬಂದಿತ್ತು. ಅದಲ್ಲದೆ ಯೋಚಿಸಿದಷ್ಟೂ ಓಚಿರ್‌ಗೆ ಸಂತೋಷ ಹೆಚ್ಚಿತು. ಬಡವರು ದೇವರಿಗೆಂದು ಕೊಟ್ಟದ್ದನ್ನು ಗುರು ತಾನೇ ತಿಂದು ಇಲಿಯ ಮೇಲೆ ಹಾಕಿದ. ಇದಕ್ಕಿಂತ ಒಳ್ಳೆಯ ಉದಾಹರಣೆ ಪಕ್ಷದ ಯಾವ ಪುಸ್ತಕದಲ್ಲೂ ಇರಲಿಲ್ಲ. ಮೂರು ಭಾಷಣಕ್ಕೆ ಆಗುವಷ್ಟಿತ್ತು.

ಗುರುಗಳ ಕೊರಳಿಗೆ ಒಂದು ಹಲಗೆ ಕಟ್ಟಿದರು. ಜನರ ಬೆಣ್ಣೆ ತಿಂದವನು ಎಂದು ಅದರ ಮೇಲೆ ಬರೆದಿತ್ತು. ಅವರಿಗೆ ಬರುತ್ತಿದ್ದ ಸಾರಿನಿಂದ ಜಿಡ್ಡು ತೆಗೆದು ಕೊಡಬೇಕೆಂದು ಅಡುಗೆಯವನಿಗೆ ಅಪ್ಪಣೆಯಾಯಿತು. ಅಂದಿನಿಂದ ಚಮಚದ ಜಗಳ, ಇಸ್ಪೀಟಿನ ಜಗಳ ಯಾವುದೂ ಅವರ ಹತ್ತಿರ ಬರಲಿಲ್ಲ. ಕೈದಿಗಳು ಅವರನ್ನು ಬೆಣ್ಣೆಗಳ್ಳ ಎಂದು ಕರೆದರು.

ಲಾರಿ ಹೊರಟ ದಿನ ಗುರುಗಳು ಕೊರಳಲ್ಲಿ ಹಲಗೆ, ಬೆನ್ನ ಮೇಲೆ ಇಟ್ಟಿಗೆ ಹೊತ್ತು ಗೂಡಿನ ಹತ್ತಿರ ನಿಂತಿದ್ದರು. ಶರವ್ ಒಂದು ಸಲ ನೋಡಿದ. ಆಮೇಲೆ ಮುಖ ತಿರುಗಿಸಿಕೊಂಡ.

*

ಹೊರಗಿನ ಗಾಳಿಗೆ ಶರವ್‌ನ ಕೆಮ್ಮು ನಿಂತಿತು. ಹೊಳೆದಂಡೆಯ ಜನರ ಕುರಿ ಕಾಯುವ ಕೆಲಸ ಸಿಕ್ಕಿತು. ಮಠವನ್ನು ಸರ್ಕಾರ ಉಣ್ಣೆಯ ಗೋದಾಮು ಮಾಡಿತ್ತು.

ಮೊದಲ ಸಂಜೆ ಅವನು ಇಲಿಗೆ ಪ್ರಾರ್ಥನೆ ಮಾಡಲಿಲ್ಲ. ಆ ಇಲಿಗೆ ಅದು ಸಲ್ಲಬೇಕಾಗಿರಲಿಲ್ಲ. ಆದರೆ ಹನ್ನೊಂದು ವರ್ಷದ ಅಭ್ಯಾಸ, ಮನಸ್ಸು ಸುಮ್ಮನಿರಲಿಲ್ಲ.

ಬೆಣ್ಣೆ ತಿಂದ ಜೀವಕ್ಕೆ ಒಳಿತಾಗಲಿ ಎಂದಲ್ಲವೇ ಗುರುಗಳು ಹೇಳಿದ್ದು? ಹಾಗಾದರೆ ಲೆಕ್ಕದ ಪ್ರಕಾರ ಅದು ಯಾರಿಗೆ ಹೋಗಬೇಕು? ಎರಡನೆಯ ಸಂಜೆ ಶರವ್ ಹಲ್ಲು ಕಚ್ಚಿಕೊಂಡು ಇಲಿಯ ಜಾಗದಲ್ಲಿ ಗುರುಗಳ ಹೆಸರು ಹಾಕಿದ. ಸಿಟ್ಟು ಇಳಿಯುವ ತನಕ ಎಂದುಕೊಂಡ.

ಸಿಟ್ಟು ಮುಂದಿನ ವಸಂತಕ್ಕೇ ಇಳಿಯಿತು. ಪ್ರಾರ್ಥನೆಯನ್ನು ಮಾತ್ರ ಅವನು ನಿಲ್ಲಿಸಲಿಲ್ಲ.

ವರ್ಷಗಳು ಹೋದವು. ಜೈಲಿನಿಂದ ಯಾವ ಸುದ್ದಿಯೂ ಬರಲಿಲ್ಲ. ಚಳಿಗಾಲ ಬಂದಾಗಲೆಲ್ಲ ಶರವ್, ಈ ಸಲ ಹೋಗಿರುತ್ತಾರೆ ಎಂದುಕೊಳ್ಳುತ್ತಿದ್ದ. ಮುಖ ತಿರುಗಿಸಿಕೊಂಡದ್ದು ನೆನಪಾಗಿ, ಕುರಿಗಳ ಮಧ್ಯೆ ಕೂತುಬಿಡುತ್ತಿದ್ದ.

ಒಂದು ದಿನ ರೇಡಿಯೋದಲ್ಲಿ ಹಾಡು ನಿಂತು, ಸರ್ಕಾರ ಬಿದ್ದಿತು ಎಂದು ಹೇಳಿದರು. ಅದಾದ ಕೆಲವು ದಿನಕ್ಕೆ ಸೇತುವೆಯ ಮೇಲೆ ಲಾರಿಯ ಸದ್ದು ಕೇಳಿಸಿತು. ಲಾರಿ ನಿಂತಿತು. ಬಹಳ ಮುದುಕರಾದ ಒಬ್ಬರು ಹಿಂದಿನಿಂದ ಮೆಲ್ಲಗೆ ಇಳಿದರು.

ಶರವ್ ಓಡಿಹೋಗಿ ಕಾಲಿಗೆ ಬಿದ್ದ. ಗುರುಗಳು ನಕ್ಕರು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಬೆಣ್ಣೆ ತಿಂದ ಬಾಯಿಗೆ ತಾನು ಕೊಟ್ಟ ಶಾಪ ಶರವ್‌ಗೆ ನೆನಪಾಯಿತು. ಅದನ್ನು ಹೇಳಿಕೊಂಡು ಅತ್ತುಬಿಟ್ಟ.

"ಜೈಲಿನ ರೊಟ್ಟಿಗೆ ಸಲ್ಲಬೇಕಾದ ಕೀರ್ತಿಯನ್ನು ನೀನು ತೆಗೆದುಕೊಳ್ಳಬೇಡ," ಎಂದರು ಗುರುಗಳು.

ನಡೆಯುತ್ತ ನಡೆಯುತ್ತ ಜೈಲಿನ ಸುದ್ದಿ ಹೇಳಿದರು. ದಮ್ದಿನ್ ಹೊರಗೆ ಬಂದು ಹೊಸ ಸರ್ಕಾರಕ್ಕೆ ಭಾಷಣ ಬರೆಯುತ್ತಿದ್ದಾನೆ. ಓಚಿರ್‌ಗೆ ಈಗ ಕೆಲಸವಿಲ್ಲ. ಬಾಗಿಲ ತನಕ ಕಳಿಸಿಕೊಡಲು ಬಂದವನು, ನಿಮ್ಮ ಕಡೆ ನನಗೆ ಏನಾದರೂ ಸಿಕ್ಕೀತೇ ಎಂದು ಕೇಳಿದನಂತೆ.

"ಏನು ಹೇಳಿದಿರಿ?"

"ಬಾ ಎಂದೆ. ದೇವರಿಲ್ಲ ಎನ್ನುವುದು ಅವನಿಗೆ ಚೆನ್ನಾಗಿ ಬರುತ್ತದೆ. ಉಳಿದದ್ದನ್ನು ಕಲಿಸಬಹುದು."

ಮಠದಲ್ಲಿ ಉಣ್ಣೆಯ ಮೂಟೆಗಳನ್ನು ತೆಗೆದಾಗಿತ್ತು. ಗುರುಗಳು ಬಂದರೂ ಬರಬಹುದೆಂದು ಶರವ್ ನೆಲ ಗುಡಿಸಿದ್ದ. ಬುದ್ಧನ ಕಲ್ಲಿನ ಮೂರ್ತಿ ಯಾರಿಗೂ ಎತ್ತಲಾಗದೆ ಅಲ್ಲೇ ಉಳಿದಿತ್ತು. ಹಳೆಯ ಬಟ್ಟಲು ಸಿಗಲಿಲ್ಲ. ಮಣ್ಣಿನ ಒಂದು ಬಟ್ಟಲಿನಲ್ಲಿ ಶರವ್ ಬೆಣ್ಣೆ ತಂದಿಟ್ಟಿದ್ದ. ಮುಷ್ಟಿಯಷ್ಟಲ್ಲ, ಈ ಸಲ ಎರಡು ಮುಷ್ಟಿಯಷ್ಟು. ದೀಪಕ್ಕೆ ಒಂದು ಪಾಲು, ನಿಮಗೆ ಒಂದು ಪಾಲು, ಇನ್ನು ಯಾರೂ ಕದಿಯಬೇಕಾಗಿಲ್ಲ ಎಂದ.

ಗುರುಗಳು ಬಾಯಿ ಬಿಟ್ಟು ನಕ್ಕರು.

ಬತ್ತಿ ಹೊಸೆಯುತ್ತ ಶರವ್ ಇಷ್ಟು ದಿನ ಕೇಳಬೇಕೆಂದಿದ್ದುದನ್ನು ಕೇಳಿದ.

"ನಾನು ಹೋದ ಮೇಲೂ ಅಷ್ಟು ವರ್ಷ. ನಿಮ್ಮ ಮಾತನ್ನೂ ಯಾರೂ ನಂಬುತ್ತಿರಲಿಲ್ಲ. ಹೇಗೆ ಬದುಕಿದಿರಿ?"

"ಕೆಲಸವಿತ್ತು. ವ್ರತ ಮುರಿದಿದ್ದೆನಲ್ಲ. ದಿನಾ ಬೆಳಿಗ್ಗೆ ಎದ್ದು ಪಶ್ಚಾತ್ತಾಪ ಪಡಲು ಕೂರುತ್ತಿದ್ದೆ."

"ಪಟ್ಟಿರಾ?"

"ಅದೇ ಕಷ್ಟವಾಯಿತು. ಎಷ್ಟು ವರ್ಷ ಕೂತರೂ ಬರಲಿಲ್ಲ."

ಒಂದು ಮುಷ್ಟಿ ಬೆಣ್ಣೆಗೆ ಇಷ್ಟು ವರ್ಷ ಬೇಕೇ ಎಂದುಕೊಳ್ಳುತ್ತ ಶರವ್ ಬತ್ತಿಗೆ ಬೆಂಕಿ ಮುಟ್ಟಿಸಿದ. ದೀಪ ಹತ್ತಿತು. ಇಬ್ಬರೂ ಕೈ ಮುಗಿದು ಸ್ವಲ್ಪ ಹೊತ್ತು ಅದನ್ನೇ ನೋಡಿದರು.

ಗುರುಗಳು ಗೋಡೆ ಹಿಡಿದು ಎದ್ದರು. ಉಳಿದ ಬೆಣ್ಣೆಯ ಮೇಲೆ ಏನಾದರೂ ಭಾರವಾದದ್ದನ್ನು ಮುಚ್ಚಿಡು ಎಂದರು.

"ಯಾಕೆ, ಗುರುಗಳೇ? ಇಲ್ಲಿ ನೀವು, ನಾನು, ಇಬ್ಬರೇ ಅಲ್ಲವೇ?"

"ಆ ದಿನವೂ ಇಬ್ಬರೇ ಇದ್ದೆವು," ಎಂದರು ಗುರುಗಳು. "ತಿಂದದ್ದು ಇಲಿಯೇ."